ಖಾಲಿ ಬಿಟ್ಟ ದಿನಾಂಕಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

ಸಾಫ್ಟ್‌ವೇರಿನವನು ಎಂದು ಸಮಿತಿಯವರು ನನಗೆ ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಿ ಎಂದಿದ್ದರು. ಅದನ್ನು ಮಾತಾಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ನಾನು ಒಂದು ಸಣ್ಣ ವಿಷಯ ಆರಿಸಿಕೊಂಡಿದ್ದೇನೆ: ಪಟ್ಟಿಯಲ್ಲಿ ದಿನಾಂಕ ಇಲ್ಲದಿದ್ದರೆ ಅಲ್ಲಿ ಏನು ಬರೆಯಬೇಕು? ಇದೇನು ಮಹಾ ಪ್ರಶ್ನೆ ಎಂದು ನಗಬೇಡಿ. ಮಹೋತ್ಸವಕ್ಕಾಗಿ ನಮ್ಮ ಶಾಲೆಯ ಹಳೆಯ ದಾಖಲಾತಿ ವಹಿಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನಮ್ಮ ಕೆಲವರ ಪಾಲಿಗೆ ಬಂತು. ಹೆಸರು ಟೈಪ್ ಮಾಡುವುದಕ್ಕೆ ಹಿಡಿದ ಹೊತ್ತಿಗಿಂತ, ಖಾಲಿ ದಿನಾಂಕಗಳ ಬಗ್ಗೆ ಜಗಳ ಆಡಿದ ಹೊತ್ತೇ ಜಾಸ್ತಿ.

ವಹಿ ನೋಡಿದವರಿಗೆ ಗೊತ್ತು. ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು, ಒಂದೊಂದು ಸಾಲಿನಲ್ಲಿ ಒಬ್ಬೊಬ್ಬ ವಿದ್ಯಾರ್ಥಿ. ದಾಖಲಾತಿ ಸಂಖ್ಯೆ, ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಸೇರಿದ ದಿನಾಂಕ, ಶಾಲೆ ಬಿಟ್ಟ ದಿನಾಂಕ, ಬಿಟ್ಟ ಕಾರಣ, ಟಿಸಿ ಸಂಖ್ಯೆ. ಒಬ್ಬರಿಗೆ ಮೂರು ದಿನಾಂಕ. ಈ ಮೂರೂ ಕಾಲಂಗಳಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿದ್ದವು. ಎಕ್ಸೆಲ್‌ಗೆ ಎಲ್ಲ ಖಾಲಿಯೂ ಒಂದೇ. ಆದರೆ ವಹಿಯ ಪುಟ ತೆರೆದು ನೋಡಿದರೆ ಒಂದೊಂದು ಖಾಲಿಗೂ ಒಂದೊಂದು ಕಥೆ.

ಎಲ್ಲಕ್ಕಿಂತ ಸುಲಭದ್ದು ಸೇರಿದ ದಿನಾಂಕದ ಕಾಲಂ. ಶಾಲೆ ತೆರೆದ ವಾರದಲ್ಲಿ ಒಂದೇ ದಿನ ಮೂವತ್ತು ಮಕ್ಕಳು ಸೇರಿರುತ್ತಾರೆ. ಗುಮಾಸ್ತರು ಮೊದಲನೆಯವರ ಮುಂದೆ ದಿನಾಂಕ ಬರೆದು, ಕೆಳಗಿನವರಿಗೆಲ್ಲ ಎರಡು ಸಣ್ಣ ಗೀಟು ಎಳೆದಿದ್ದಾರೆ, ಅಂದರೆ ಮೇಲಿನಂತೆಯೇ. ಕೆಲವು ಕಡೆ ಆ ಗೀಟನ್ನೂ ಎಳೆಯದೆ ಬಿಟ್ಟಿದ್ದಾರೆ, ಓದುವವರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಿಂದ. ಟೈಪ್ ಮಾಡುವ ಹುಡುಗರು ಗೀಟನ್ನು ಏನು ಮಾಡಬೇಕು ಎಂದು ತಿಳಿಯದೆ ಸೆಲ್ ಖಾಲಿ ಬಿಟ್ಟರು. ಇಂಥ ಖಾಲಿಯನ್ನು ತುಂಬಬಹುದು, ತುಂಬಲೇಬೇಕು. ಎಕ್ಸೆಲ್‌ನಲ್ಲಿ ಅದಕ್ಕೆ ಒಂದು ನಿಮಿಷ ಸಾಕು. ಆ ಕಾಲಂ ಆಯ್ದುಕೊಂಡು ಎಫ್5 ಒತ್ತಿ, ‘ಸ್ಪೆಷಲ್’ ಎಂಬಲ್ಲಿ ‘ಬ್ಲ್ಯಾಂಕ್ಸ್’ ಆರಿಸಿದರೆ ಖಾಲಿ ಸೆಲ್‌ಗಳು ಮಾತ್ರ ಗುರುತಾಗುತ್ತವೆ. ಸಮ ಚಿಹ್ನೆ ಹಾಕಿ, ಮೇಲಿನ ಬಾಣದ ಕೀಲಿ ಒತ್ತಿ, ಕಂಟ್ರೋಲ್ ಹಿಡಿದು ಎಂಟರ್ ಹೊಡೆದರೆ ಪ್ರತಿ ಖಾಲಿಯೂ ತನ್ನ ಮೇಲಿನ ದಿನಾಂಕವನ್ನು ತೆಗೆದುಕೊಳ್ಳುತ್ತದೆ. ಆಮೇಲೆ ಅದನ್ನು ಕಾಪಿ ಮಾಡಿ, ಬರೀ ಬೆಲೆಗಳಾಗಿ ಅಲ್ಲೇ ಪೇಸ್ಟ್ ಮಾಡಬೇಕು. ಇಲ್ಲದಿದ್ದರೆ ಅಲ್ಲಿ ಉಳಿಯುವುದು ಸೂತ್ರ, ದಿನಾಂಕವಲ್ಲ.

ಆದರೆ ಇದಕ್ಕೆ ಒಂದು ಷರತ್ತಿದೆ. ಸಾಲುಗಳು ವಹಿಯಲ್ಲಿದ್ದ ಕ್ರಮದಲ್ಲೇ ಇರಬೇಕು. ಯಾರಾದರೂ ಪುಣ್ಯಾತ್ಮರು ಹೆಸರಿನ ಅಕಾರಾದಿಯಲ್ಲಿ ಜೋಡಿಸಿಬಿಟ್ಟರೆ ‘ಮೇಲಿನಂತೆ’ ಎಂಬ ಮಾತಿಗೆ ಅರ್ಥವೇ ಹೋಗುತ್ತದೆ. ಅನಂತನ ಮೇಲೆ ಅಂಬುಜ ಬಂದು ಕೂತಿರುತ್ತಾಳೆ, ಅವಳು ಸೇರಿದ್ದು ಹನ್ನೆರಡು ವರ್ಷ ಆಚೆ. ಎಕ್ಸೆಲ್ ಚಕಾರ ಎತ್ತದೆ ಅವಳ ದಿನಾಂಕವನ್ನು ಇವನಿಗೆ ಕೊಡುತ್ತದೆ. ಅದಕ್ಕೇ ಮೊದಲ ದಿನವೇ ವಹಿಯ ಸಂಖ್ಯೆ, ಪುಟ, ಸಾಲು ಎಂದು ಮೂರು ಕಾಲಂ ಹಾಕಿಸಿದೆವು. ಯಾರು ಹೇಗೆ ಕಲಸಿದರೂ ಮತ್ತೆ ಮೂಲ ಕ್ರಮಕ್ಕೆ ತರಬಹುದು.

ಇಷ್ಟು ಸುಲಭದ ಖಾಲಿ ಮುಗಿಯಿತು. ಉಳಿದವು ಇಷ್ಟು ಸುಲಭವಲ್ಲ.

ಅದಕ್ಕೆ ಹೋಗುವ ಮೊದಲು, ನಾವು ಸುಮ್ಮನಿದ್ದರೂ ಕಂಪ್ಯೂಟರ್ ಸುಮ್ಮನಿರುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಬೇಕು. ಎಕ್ಸೆಲ್‌ಗೆ ದಿನಾಂಕ ಎಂದರೆ ಒಂದು ಸಂಖ್ಯೆ, ಅಷ್ಟೇ. 1900ರ ಜನವರಿ 1 ಎಂದರೆ 1, ಮರುದಿನ 2, ಹೀಗೆ ಎಣಿಸುತ್ತಾ ಬರುತ್ತದೆ. ಖಾಲಿ ಸೆಲ್ ಲೆಕ್ಕದಲ್ಲಿ ಸೊನ್ನೆ. ಹಾಗಾಗಿ ಹುಟ್ಟಿದ ದಿನಾಂಕ ಇಲ್ಲದವರ ವಯಸ್ಸು ಲೆಕ್ಕ ಹಾಕಲು ಹೇಳಿದರೆ ಅದು ಸುಮಾರು 125 ವರ್ಷ ಎನ್ನುತ್ತದೆ. ಸೆಲ್‌ಗೆ ದಿನಾಂಕದ ರೂಪ ಕೊಟ್ಟು, ವರ್ಷ ಮಾತ್ರ ಗೊತ್ತಿದೆ ಎಂದು 1974 ಎಂದಷ್ಟೇ ಬರೆಯಿರಿ. ಅದು 27-5-1905 ಆಗುತ್ತದೆ. ಏಕೆಂದರೆ ಎಕ್ಸೆಲ್‌ನ ಎಣಿಕೆಯಲ್ಲಿ 1974ನೇ ದಿನ ಅದು. ಇಂಗ್ಲಿಷಿನಲ್ಲಿ ಜೂನ್ 1974 ಎಂದು ಬರೆದರೆ ಕಣ್ಣಿಗೆ ಜೂನ್ 74 ಎಂದೇ ಕಾಣುತ್ತದೆ, ಒಳಗೆ ಮಾತ್ರ 1-6-1974 ಎಂದು ಕೂತಿರುತ್ತದೆ. ತಿಂಗಳು ಗೊತ್ತು, ದಿನ ಗೊತ್ತಿಲ್ಲ ಎಂದು ನಾವು ಪ್ರಾಮಾಣಿಕವಾಗಿ ಬರೆದದ್ದನ್ನು ಅದು ‘ಒಂದನೇ ತಾರೀಖು’ ಮಾಡಿತು. ವರ್ಷಕ್ಕೆ ಎರಡೇ ಅಂಕಿ ಬರೆದರೆ 30ರಿಂದ 99ರವರೆಗಿನದು ಕಳೆದ ಶತಮಾನಕ್ಕೆ ಹೋಗುತ್ತದೆ, 29 ಮತ್ತು ಅದಕ್ಕಿಂತ ಕಡಿಮೆಯದು ಈ ಶತಮಾನಕ್ಕೆ. 1929ರಲ್ಲಿ ಹುಟ್ಟಿದ ಒಬ್ಬ ಮೇಷ್ಟ್ರನ್ನು 29 ಎಂದು ನಮೂದಿಸಿದರೆ ಅವರು ಇನ್ನೂ ಹುಟ್ಟಿಯೇ ಇಲ್ಲ.

ಇನ್ನೊಂದು ಹುಳುಕು ಇದಕ್ಕಿಂತ ಕೆಟ್ಟದ್ದು. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ ಅದು ತಿಂಗಳನ್ನು ಮೊದಲು ಓದುತ್ತದೆ. ನಮ್ಮ 5-6-1978 ಅದಕ್ಕೆ ಮೇ 6. ಆದರೆ 25-6-1978ರಲ್ಲಿ 25ನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರವೆಂದು ಬಿಟ್ಟುಬಿಡುತ್ತದೆ. ಒಂದೇ ಕಾಲಂನಲ್ಲಿ 12ನೇ ತಾರೀಖಿನವರೆಗಿನವು ತಿರುವುಮುರುವು, ಉಳಿದವು ಸರಿ. ಸೆಲ್‌ನಲ್ಲಿ ಬಲಕ್ಕೆ ಅಂಟಿದ್ದು ದಿನಾಂಕ, ಎಡಕ್ಕೆ ಅಂಟಿದ್ದು ಅಕ್ಷರ. ಒಂದು ಕಾಲಂನಲ್ಲಿ ಎಡವೂ ಬಲವೂ ಕಂಡರೆ ಅಲ್ಲೇ ಕೈ ನಿಲ್ಲಿಸಿ.

ದೊಡ್ಡ ದೊಡ್ಡ ತಂತ್ರಾಂಶಗಳೂ ಇದಕ್ಕೆ ಹೊರತಲ್ಲ. ಅನೇಕ ಕಂಪ್ಯೂಟರುಗಳ ಗಡಿಯಾರ 1970ರ ಜನವರಿ 1ರಿಂದ ಸೆಕೆಂಡು ಎಣಿಸಲು ಶುರುಮಾಡುತ್ತದೆ. ಅದು ಗ್ರೀನಿಚ್ ಮಧ್ಯರಾತ್ರಿ. ಆದ್ದರಿಂದ ಎಲ್ಲಿಯಾದರೂ ದಿನಾಂಕ ಸೊನ್ನೆಯಾದರೆ ನಮ್ಮ ದೇಶದಲ್ಲಿ 1-1-1970, ಬೆಳಗಿನ 5 ಗಂಟೆ 30 ನಿಮಿಷ ಎಂದು ಕಾಣಿಸುತ್ತದೆ. ಯಾವುದಾದರೂ ರಸೀದಿಯಲ್ಲೋ ಆ್ಯಪ್‌ನಲ್ಲೋ ಈ ಹೊತ್ತು ಕಂಡರೆ ಅದು ದಿನಾಂಕವಲ್ಲ, ಖಾಲಿ ಜಾಗ ವೇಷ ಹಾಕಿಕೊಂಡು ಬಂದಿದೆ ಎಂದು ತಿಳಿಯಿರಿ. 2015ರ ಡಿಸೆಂಬರ್ ಕೊನೆಯಲ್ಲಿ ಫೇಸ್‌ಬುಕ್ ಬಹಳ ಜನರಿಗೆ ‘ನಿಮ್ಮ ಸ್ನೇಹಕ್ಕೆ 46 ವರ್ಷ’ ಎಂದು ಅಭಿನಂದನೆ ಕಳಿಸಿತು. ಆ ಕಂಪನಿ ಶುರುವಾದದ್ದೇ 2004ರಲ್ಲಿ. 2015ರಲ್ಲಿ 46 ಕಳೆದರೆ ಎಲ್ಲಿಗೆ ಬರುತ್ತದೆ ನೋಡಿ. ನಮ್ಮ ವೃತ್ತಿಯವರು ಲೆಕ್ಕ ಹಾಕಿ ನಕ್ಕರು.

ಕಂಪ್ಯೂಟರಿನ ಈ ಚಾಳಿಯನ್ನು ನೋಡಿ ನಗುವ ನಾವು, ನಮ್ಮ ಮನೆಯವರ ಹುಟ್ಟಿದ ದಿನ ಕೇಳಿದರೆ ಏನು ಹೇಳುತ್ತೇವೆ? ಇಲ್ಲಿ ಐವತ್ತು ದಾಟಿದವರು ಎಷ್ಟು ಜನ ಕೂತಿದ್ದೀರೋ, ಅದರಲ್ಲಿ ಜೂನ್ 1ರವರು ಕೈ ಎತ್ತಿ. (ಸಭೆಯಲ್ಲಿ ನಗು) ಇಳಿಸಿ, ಇಳಿಸಿ. ಒಂದು ವರ್ಷಕ್ಕೆ 365 ದಿನ. ಲೆಕ್ಕಪ್ರಕಾರ ಇಷ್ಟು ದೊಡ್ಡ ಸಭೆಯಲ್ಲೂ ಒಬ್ಬರೋ ಇಬ್ಬರೋ ಇರಬೇಕಿತ್ತು.

ಇದು ಹೇಗೆ ಆಯಿತೆಂದು ಹಿರಿಯರಿಗೆಲ್ಲ ಗೊತ್ತು, ಮಕ್ಕಳಿಗೆ ಹೇಳುತ್ತೇನೆ. ಒಂದನೇ ತರಗತಿಗೆ ಸೇರಿಸಲು ಮಗುವನ್ನು ಕರೆದುಕೊಂಡು ಹೋದರೆ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ. ಹುಟ್ಟಿದ್ದು ಯಾವಾಗ ಎಂದರೆ ತಾಯಿ ‘ಹುರುಳಿ ಕೀಳುವಾಗ’ ಎನ್ನುವರು, ‘ಗೌರಿ ಹಬ್ಬ ಆಗಿ ಮೂರು ದಿನಕ್ಕೆ’ ಎನ್ನುವರು. ವಹಿಯಲ್ಲಿ ಹುರುಳಿಗೆ ಕಾಲಂ ಇಲ್ಲ. ಶಾಲೆ ತೆರೆಯುವುದು ಜೂನ್‌ನಲ್ಲಿ, ವಯಸ್ಸು ಲೆಕ್ಕ ಹಾಕುವುದೂ ಜೂನ್ 1ಕ್ಕೆ. ಮೇಷ್ಟ್ರು ಬೆರಳು ಮಡಿಸಿ ವರ್ಷ ಅಂದಾಜು ಮಾಡಿ, ಜೂನ್ 1 ಎಂದು ಬರೆದರು. ಮಗು ಒಳಗೆ ಬಂತು.

ಆ ಮೇಷ್ಟ್ರುಗಳನ್ನು ನಾನು ದೂರುವುದಿಲ್ಲ. ಖಾಲಿ ಬಿಟ್ಟಿದ್ದರೆ ದಾಖಲಾತಿಯೇ ಆಗುತ್ತಿರಲಿಲ್ಲ. ಇನ್ನೂ ಒಂದು ಮಾತು, ಅದರಲ್ಲಿ ಒಂದು ಜಾಣತನವೂ ಇತ್ತು. ಎಲ್ಲರಿಗೂ ಒಂದೇ ದಿನ ಬರೆದದ್ದರಿಂದ, ಬಲ್ಲವರಿಗೆ ಜೂನ್ 1 ಎಂದರೆ ‘ಗೊತ್ತಿಲ್ಲ’ ಎಂದೇ ಅರ್ಥವಾಗುತ್ತಿತ್ತು. ಮಗುವಿಗೊಂದು ದಿನಾಂಕವನ್ನು ಕಲ್ಪಿಸಿ ಬರೆದಿದ್ದರೆ ಈ ಗುಟ್ಟು ಯಾರಿಗೂ ಹೊಳೆಯುತ್ತಿರಲಿಲ್ಲ. ತೊಂದರೆ ಆದದ್ದು ಎರಡು ಕಡೆ. ನಿಜವಾಗಿ ಜೂನ್ 1ರಂದೇ ಹುಟ್ಟಿದವರನ್ನು ಯಾರೂ ನಂಬುವುದಿಲ್ಲ. ಮತ್ತೆ, ಆ ಗುಟ್ಟು ತಿಳಿಯದ ಕಚೇರಿಗಳಿಗೆ, ಆಮೇಲೆ ಕಂಪ್ಯೂಟರುಗಳಿಗೆ, ಅದು ಪಕ್ಕಾ ದಿನಾಂಕ.

ದಾಖಲೆ ಹೇಗೆ ಗಟ್ಟಿಯಾಗುತ್ತಾ ಹೋಗುತ್ತದೆ ನೋಡಿ. ಪ್ರಾಥಮಿಕ ಶಾಲೆಯ ಅಂದಾಜು ಟಿಸಿಗೆ ಬಂತು. ಟಿಸಿ ನೋಡಿ ನಮ್ಮ ಪ್ರೌಢಶಾಲೆಯವರು ವಹಿಗೆ ಬರೆದುಕೊಂಡರು. ವಹಿ ನೋಡಿ ಎಸ್‌ಎಸ್‌ಎಲ್‌ಸಿ ಮಂಡಳಿಗೆ ಹೋಯಿತು. ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ಅದೇ ಪ್ರಮಾಣ. ನಾಲ್ಕು ಕಡೆ ಒಂದೇ ದಿನಾಂಕ ಇದೆ ಎಂದು ನಾಲ್ಕು ಸಾಕ್ಷಿ ಇದ್ದಂತೆ ಕಾಣುತ್ತದೆ. ಸಾಕ್ಷಿ ಒಂದೂ ಇಲ್ಲ, ಒಂದೇ ಊಹೆಯ ನಾಲ್ಕು ನಕಲು.

ನನ್ನ ತಂದೆಯವರದೂ ಜೂನ್ 1. ಅಜ್ಜಿ ಹೇಳುತ್ತಿದ್ದದ್ದು ದೀಪಾವಳಿಯ ಹಿಂದಿನ ವಾರ ಎಂದು. ಅವರು ಸರ್ಕಾರಿ ನೌಕರಿಯಲ್ಲಿದ್ದರು. ನಮ್ಮ ರಾಜ್ಯದಲ್ಲಿ 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ, ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನ. ಜೂನ್ 1ರವರೆಲ್ಲ ಮೇ 31ಕ್ಕೆ ಮನೆಗೆ. ಆ ದಿನ ಕಚೇರಿ ಕಚೇರಿಗಳಲ್ಲಿ ಹಾರ ಶಾಲಿನ ಗಲಾಟೆ ನೀವೂ ನೋಡಿರುತ್ತೀರಿ. ಅಪ್ಪನಿಗೆ ಐದು ತಿಂಗಳ ಸಂಬಳ ಹೋಯಿತು. ತಿದ್ದಿಸಬಾರದಿತ್ತೇ ಎಂದರೆ, ಸರ್ಕಾರಿ ನೌಕರರ ವಯಸ್ಸಿನ ಬಗ್ಗೆ ನಮ್ಮ ರಾಜ್ಯದಲ್ಲಿ 1974ರ ಕಾಯ್ದೆಯೇ ಇದೆ. ಸೇವಾ ಪುಸ್ತಕದಲ್ಲಿ ವಯಸ್ಸು ನಮೂದಾಗಿ ಮೂರು ವರ್ಷ ದಾಟಿದ ಮೇಲೆ ತಿದ್ದುಪಡಿಗೆ ಅರ್ಜಿ ಹಾಕುವಂತಿಲ್ಲ. ಅಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. “ಆ ಮೇಷ್ಟ್ರು ಅವತ್ತು ಬರೀದೆ ಹೋಗಿದ್ರೆ ನಾನು ಎಮ್ಮೆ ಕಾಯ್ತಿದ್ದೆ, ಅದಕ್ಕೆ ನಿವೃತ್ತಿನೂ ಇಲ್ಲ, ಪಿಂಚಣಿನೂ ಇಲ್ಲ” ಎಂದರು.

ಹಾಗಾದರೆ ಖಾಲಿ ಬಿಡುವುದೇ ಸರಿಯೇ? ಅದಕ್ಕೂ ಬೆಲೆ ತೆರಬೇಕಾಗುತ್ತದೆ. ಇಂದಿನ ದತ್ತಸಂಚಯಗಳಿಗೆ ಅಡಿಪಾಯ ಹಾಕಿದವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್, 1970ರ ಒಂದು ಪ್ರಬಂಧದಿಂದ. ಅವರ ಮಾದರಿಯಲ್ಲಿ, ಇಲ್ಲದ ಮಾಹಿತಿಗೆ ಸೊನ್ನೆಯೂ ಅಲ್ಲದ, ಖಾಲಿ ಅಕ್ಷರವೂ ಅಲ್ಲದ ಒಂದು ಗುರುತು ಇದೆ. ಅದನ್ನು ‘ನಲ್’ ಎನ್ನುತ್ತಾರೆ. ಅದರ ಸ್ವಭಾವ ವಿಚಿತ್ರ. 1960ಕ್ಕಿಂತ ಮೊದಲು ಹುಟ್ಟಿದವರ ಪಟ್ಟಿ ಕೊಡು ಎಂದರೆ ನಲ್ ಇರುವವರು ಬರುವುದಿಲ್ಲ. 1960 ಮತ್ತು ಆಮೇಲೆ ಹುಟ್ಟಿದವರ ಪಟ್ಟಿ ಕೊಡು ಎಂದರೂ ಬರುವುದಿಲ್ಲ. ಎರಡೂ ಪಟ್ಟಿ ಕೂಡಿಸಿದರೆ ಊರಿನ ಒಟ್ಟು ಸಿಗುವುದಿಲ್ಲ, ಕೆಲವರು ನಡುವೆ ಜಾರಿಹೋಗಿರುತ್ತಾರೆ. ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ತುಂಬಿರಬೇಕು. ಹುಟ್ಟಿದ ದಿನಾಂಕ ಇಲ್ಲದ ಅಜ್ಜಿಗೆ ಕಂಪ್ಯೂಟರಿನಲ್ಲಿ 65 ತುಂಬುವುದೇ ಇಲ್ಲ, ಕೂದಲು ಎಷ್ಟೇ ಬೆಳ್ಳಗಾಗಲಿ. ಆದ್ದರಿಂದ ‘ಗೊತ್ತಿಲ್ಲದವರು’ ಎಂಬ ಮೂರನೇ ಪಟ್ಟಿಯನ್ನು ನಾವೇ ಕೇಳಿ ತೆಗೆಯಬೇಕು. ಕೇಳದಿದ್ದರೆ ಅದು ಕೊಡುವುದಿಲ್ಲ.

ಕಾಡ್ ಅವರೇ ಮುಂದೆ ಇನ್ನೊಂದು ಭೇದ ಮಾಡಿದರು. ಮಾಹಿತಿ ಇರಬೇಕಿತ್ತು, ನಮಗೆ ಗೊತ್ತಿಲ್ಲ ಎಂಬುದು ಒಂದು. ಇಲ್ಲಿ ಆ ಮಾಹಿತಿಯೇ ಅನ್ವಯಿಸುವುದಿಲ್ಲ ಎಂಬುದು ಇನ್ನೊಂದು. ಇದೀಗ ಎಂಟನೇ ತರಗತಿಯಲ್ಲಿರುವ ಈ ಹುಡುಗಿಯ ‘ಶಾಲೆ ಬಿಟ್ಟ ದಿನಾಂಕ’ ಖಾಲಿ ಇದೆ, ಏಕೆಂದರೆ ಅವಳು ಬಿಟ್ಟಿಲ್ಲ. ಅದನ್ನು ತುಂಬುವ ಪ್ರಶ್ನೆಯೇ ಇಲ್ಲ. ಆದರೆ ನಮ್ಮ ಹಳೆಯ ವಹಿಗಳಲ್ಲಿ ಅದೇ ಕಾಲಂ ಖಾಲಿ ಇರುವ ಸಾಲುಗಳಿದ್ದವು. ನಾನು ಜಗಳ ಎಂದೆನಲ್ಲ, ಅದು ಹುಟ್ಟಿದ್ದು ಅಲ್ಲಿ.

ಆರಂಭದ ವರ್ಷಗಳ ವಹಿ. ಬಿಟ್ಟ ದಿನಾಂಕ ಇಲ್ಲ, ಕಾರಣ ಇಲ್ಲ, ಟಿಸಿ ಸಂಖ್ಯೆ ಇಲ್ಲ. ಆ ಸಾಲುಗಳ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದುತ್ತಾ ಹೋದರೆ ಹೆಚ್ಚಿನವು ಹೆಣ್ಣುಮಕ್ಕಳವು. ನಮ್ಮ ಸಮಿತಿಯ ಗೆಳೆಯರೊಬ್ಬರು, ಒಳ್ಳೆಯವರು, ಈ ಸಂಚಿಕೆ ಅಚ್ಚುಕಟ್ಟಾಗಿ ಬರಲೆಂದು ಹಗಲು ರಾತ್ರಿ ದುಡಿದವರು, ಒಂದು ಸಲಹೆ ಕೊಟ್ಟರು. “ಎಂಟಕ್ಕೆ ಸೇರಿದವರು ಮೂರು ವರ್ಷಕ್ಕೆ ಹತ್ತು ಮುಗಿಸ್ತಾರೆ. ಸೇರಿದ ವರ್ಷಕ್ಕೆ ಮೂರು ಕೂಡಿಸಿ ಏಪ್ರಿಲ್ 10 ಅಂತ ಹಾಕಿಬಿಡಿ. ಒಂದು ಸೂತ್ರದಲ್ಲಿ ಆಗುತ್ತೆ. ಖಾಲಿ ಖಾಲಿ ಇದ್ರೆ ನೋಡೋಕೆ ಚೆನ್ನಾಗಿರಲ್ಲ, ಒಟ್ಟು ಲೆಕ್ಕಾನೂ ಬರಲ್ಲ.” ಏಪ್ರಿಲ್ 10 ಗೊತ್ತಲ್ಲ, ಬೇಸಿಗೆ ರಜೆಗೆ ಮುಂಚೆ ಫಲಿತಾಂಶ ಹಚ್ಚುವ ದಿನ.

ಸೂತ್ರದಲ್ಲಿ ತಪ್ಪಿಲ್ಲ. ಒಂದು ಸೆಕೆಂಡಿನಲ್ಲಿ ಕಾಲಂ ತುಂಬುತ್ತದೆ. ಆದರೆ ಟಿಸಿ ಸಂಖ್ಯೆ ಇಲ್ಲ ಎಂದರೆ ಏನು? ಟಿಸಿ ತೆಗೆದುಕೊಳ್ಳಲು ಯಾರೂ ಬರಲಿಲ್ಲ ಎಂದು. ಮುಂದೆ ಓದುವವರು ಟಿಸಿ ಬಿಟ್ಟು ಹೋಗುವುದಿಲ್ಲ. ಈ ಹುಡುಗಿಯರು ಒಂಬತ್ತರಲ್ಲೋ ಎಂಟರಲ್ಲೋ ಒಂದು ದಿನ ಬಂದವರು ಮರುದಿನ ಬಂದಿಲ್ಲ. ಮದುವೆಯೋ, ತಮ್ಮನನ್ನು ನೋಡಿಕೊಳ್ಳುವುದೋ, ನಾಟಿಯೋ. ಹಾಜರಿ ವಹಿಯಲ್ಲಿ ಕೆಲವು ವಾರ ಗೈರುಹಾಜರಿ ಬಿದ್ದು ಆಮೇಲೆ ಹೆಸರು ನಿಂತಿರುತ್ತದೆ. ಅವರು ಶಾಲೆ ಬಿಟ್ಟರು ಎಂಬುದಕ್ಕೆ ನಮ್ಮ ಹತ್ತಿರ ಉಳಿದಿರುವ ಗುರುತು ಆ ಖಾಲಿ ಜಾಗ ಒಂದೇ. ಅಲ್ಲಿ ಏಪ್ರಿಲ್ 10 ಎಂದು ತುಂಬಿದರೆ ಅವರೆಲ್ಲ ಹತ್ತನೇ ತರಗತಿ ಮುಗಿಸಿದವರ ಲೆಕ್ಕಕ್ಕೆ ಸೇರುತ್ತಾರೆ. ಐವತ್ತು ವರ್ಷದಲ್ಲಿ ಈ ಶಾಲೆ ಎಷ್ಟು ಹೆಣ್ಣುಮಕ್ಕಳನ್ನು ಓದಿಸಿತು ಎಂದು ಹೇಳುವಾಗ ಎಷ್ಟು ಜನ ಕೈಜಾರಿದರು ಎಂಬುದು ಅಳಿಸಿಹೋಗುತ್ತದೆ, ಅದೂ ನಮ್ಮ ಕೈಯಿಂದಲೇ, ಅಚ್ಚುಕಟ್ಟಿನ ಹೆಸರಿನಲ್ಲಿ.

ಗೆಳೆಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಅಡ್ಡಗೆರೆ ಹಾಕಿ ಅಚ್ಚು ಮಾಡೋಣ” ಎಂದರು. ಮುಖ್ಯೋಪಾಧ್ಯಾಯರು ಇನ್ನೊಂದು ಮಾತು ಸೇರಿಸಿದರು: ವಹಿ ಶಾಲೆಯ ದಾಖಲೆ, ಅದರಲ್ಲಿ ಒಂದು ಅಕ್ಷರ ಸೇರಿಸಲೂ ಹಳೆಯ ವಿದ್ಯಾರ್ಥಿಗಳಿಗೆ ಅಧಿಕಾರವಿಲ್ಲ, ಎಕ್ಸೆಲ್‌ನಲ್ಲಿ ಏನು ಮಾಡಿದರೂ ಅದು ವಹಿಯ ನಕಲು, ವಹಿ ಅಲ್ಲ. ಸರಿಯಾದ ಮಾತು.

ಹಾಗೆಂದು ಗೊತ್ತಾಗುವುದನ್ನೂ ಗೊತ್ತಿಲ್ಲ ಎಂದು ಬಿಡಬೇಕಿಲ್ಲ. ಇಲ್ಲಿ ನಮ್ಮ ಕನ್ನಡದ ವಿದ್ವಾಂಸರು ದಾರಿ ತೋರಿಸಿದ್ದಾರೆ. ಹಲ್ಮಿಡಿ ಶಾಸನದಲ್ಲಿ ಕಾಲದ ನಮೂದಿಲ್ಲ. ಪಠ್ಯಪುಸ್ತಕದಲ್ಲಿ ಏನಿದೆ? ಸು. 450. ಆ ‘ಸು.’ ನೋಡಿ, ಸುಮಾರು ಎಂಬುದರ ಸಂಕ್ಷೇಪ. ಪರೀಕ್ಷೆಗೆ ಬಾಯಿಪಾಠ ಮಾಡುವಾಗ ನಾವು ಅದನ್ನು ನುಂಗಿಬಿಡುತ್ತೇವೆ. ಲಿಪಿ, ಭಾಷೆ, ಹೆಸರಿಸಿದ ರಾಜ ಇವನ್ನೆಲ್ಲ ತೂಗಿ ವಿದ್ವಾಂಸರು ಒಂದು ಕಾಲ ಹೇಳಿದರು, ಜೊತೆಗೆ ಇದು ಕಲ್ಲಿನಲ್ಲಿ ಬರೆದದ್ದಲ್ಲ, ನಾವು ಕಟ್ಟಿದ್ದು ಎಂದು ಎರಡಕ್ಷರದಲ್ಲಿ ಒಪ್ಪಿಕೊಂಡರು. ಶಾಸನದಲ್ಲಿ ಬರೀ ಸಂವತ್ಸರದ ಹೆಸರಿದ್ದು ಶಕವರ್ಷ ಇಲ್ಲದಿದ್ದರೆ ಅವರಿಗೂ ನಮ್ಮ ಎರಡಂಕಿಯ ತೊಂದರೆಯೇ. ಸಂವತ್ಸರಗಳು ಅರವತ್ತು, ಸುತ್ತಿ ಬರುತ್ತವೆ. ಆನಂದ ಸಂವತ್ಸರ ಎಂದರೆ 1974-75 ಆಗಬಹುದು, 1914-15 ಆಗಬಹುದು, ಅದಕ್ಕೂ ಹಿಂದಿನದಾಗಬಹುದು. ಮಾಸ, ತಿಥಿ, ವಾರ ಮೂರೂ ಇದ್ದರೆ ಲೆಕ್ಕ ಹಾಕಿ, ಯಾವ ವರ್ಷದಲ್ಲಿ ಆ ತಿಥಿ ಆ ವಾರ ಬಿತ್ತು ಎಂದು ತಾಳೆ ನೋಡುತ್ತಾರೆ.

ಈಗ ಕಂಪ್ಯೂಟರಿನವರೂ ಈ ‘ಸು.’ಗೆ ಬಂದಿದ್ದಾರೆ. ದಿನಾಂಕ ಬರೆಯುವ ಅಂತಾರಾಷ್ಟ್ರೀಯ ಮಾನಕ ಐಎಸ್‌ಒ 8601ಕ್ಕೆ 2019ರಲ್ಲಿ ಎರಡನೇ ಭಾಗ ಸೇರಿತು. ಅದರ ಪ್ರಕಾರ ವರ್ಷದ ಮುಂದೆ ಅಲೆಯಂಥ ಗೆರೆ ಹಾಕಿದರೆ ಸುಮಾರು, ಪ್ರಶ್ನಾರ್ಥಕ ಹಾಕಿದರೆ ಸಂಶಯ, ಗೊತ್ತಿಲ್ಲದ ಅಂಕಿಯ ಜಾಗದಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ. ಆಧಾರ್ ಕಾರ್ಡಿನಲ್ಲೂ ಕೆಲವರಿಗೆ ಹುಟ್ಟಿದ ವರ್ಷ ಮಾತ್ರ ಅಚ್ಚಾಗಿರುವುದನ್ನು ನೀವು ನೋಡಿರಬಹುದು. ನೋಡುವುದಕ್ಕೆ ಅರೆಬರೆ ಅನ್ನಿಸಿದರೂ ನನಗೆ ಅದು ಮರ್ಯಾದಸ್ಥ ಕೆಲಸ ಎನಿಸುತ್ತದೆ. ಕೆಂಪು ನಕ್ಷತ್ರ ಹಾಕಿ, ಪೂರ್ಣ ದಿನಾಂಕ ತುಂಬದೆ ಮುಂದಕ್ಕೆ ಬಿಡೆನು ಎನ್ನುವ ಅರ್ಜಿಗಳಿಗಿಂತ ಎಷ್ಟೋ ವಾಸಿ. ಆ ನಕ್ಷತ್ರಕ್ಕೆ ಹೆದರಿ ಜನ ಕೈಗೆ ಬಂದದ್ದನ್ನು ತುಂಬುತ್ತಾರೆ. ಅಂಥ ಅರ್ಜಿಗಳನ್ನು ಬರೆಯುವುದು ನನ್ನಂಥವರೇ ಆದ್ದರಿಂದ ಈ ಮಾತನ್ನು ಕಚೇರಿಯ ಸಭೆಗಳಲ್ಲೂ ಹೇಳುತ್ತಿರುತ್ತೇನೆ, ಕೇಳುವವರು ಕಡಿಮೆ.

ನಮ್ಮ ಪಟ್ಟಿಯಲ್ಲಿ ನಾವು ಮಾಡಿದ್ದು ಇಷ್ಟು. ವಹಿಯಲ್ಲಿ ಇದ್ದದ್ದು ಇದ್ದ ಹಾಗೆ ಒಂದು ಕಾಲಂನಲ್ಲಿ, ಅಕ್ಷರರೂಪದಲ್ಲಿ. ಅದನ್ನು ಯಾರೂ ಮುಟ್ಟುವಂತಿಲ್ಲ. ಪಕ್ಕದಲ್ಲಿ ಎರಡು ಹೊಸ ಕಾಲಂ: ಇದಕ್ಕಿಂತ ಮುಂಚೆ ಆಗಿರಲಾರದು, ಇದಕ್ಕಿಂತ ತಡವಾಗಿ ಆಗಿರಲಾರದು. ನಾಲ್ಕನೆಯದರಲ್ಲಿ, ಅದನ್ನು ಹೇಗೆ ತಿಳಿದೆವು ಎಂಬ ಒಂದು ವಾಕ್ಯ. ಉದಾಹರಣೆಗೆ, 412ನೇ ದಾಖಲಾತಿಗೆ ಸೇರಿದ ದಿನಾಂಕ ಇಲ್ಲ ಎಂದುಕೊಳ್ಳಿ. ಸಂಖ್ಯೆಗಳು ಬಂದ ಕ್ರಮದಲ್ಲೇ ಬಿದ್ದಿರುತ್ತವೆ. 411 ಮತ್ತು 413 ಎರಡೂ 4-6-1981 ಆಗಿದ್ದರೆ 412ಕ್ಕೂ ಅದೇ, ಸಂಶಯವಿಲ್ಲ. 411 ಜೂನ್ 11, 413 ಜೂನ್ 22 ಆಗಿದ್ದರೆ ಆ ಎರಡರ ನಡುವೆ, ಅಷ್ಟೇ. ನಡುವಿನ ದಿನ ಹಿಡಿದು 16 ಎಂದು ಬರೆಯಲು ಕೈ ತುರಿಸುತ್ತದೆ. ಬರೆಯಬಾರದು. ಮುಂದೆ ಯಾರಿಗಾದರೂ ಒಂದೇ ದಿನಾಂಕ ಬೇಕೆಂದರೆ ಅವರ ಅಗತ್ಯ ನೋಡಿ ಅವರೇ ಆರಿಸಿಕೊಳ್ಳಲಿ. ನಾವು ಅಳತೆ ಕೊಟ್ಟರೆ ಸಾಕು.

ಇದ್ದ ದಿನಾಂಕಗಳನ್ನೂ ಒಮ್ಮೆ ಜರಡಿ ಹಿಡಿದೆವು. ಸೇರಿದ ದಿನ ಭಾನುವಾರವಾಗಿದ್ದರೆ ಗುರುತು ಹಾಕಿದೆವು. 1975, 1980, 1986ರಲ್ಲಿ ಜೂನ್ 1 ಭಾನುವಾರ. ಸೇರಿದ ದಿನಕ್ಕಿಂತ ಬಿಟ್ಟ ದಿನ ಹಿಂದಿದ್ದರೆ ಗುರುತು. ಹುಟ್ಟಿದ ದಿನ ಜೂನ್ 1 ಆಗಿದ್ದರೆ ತಿದ್ದಲಿಲ್ಲ, ‘ವಹಿಯಲ್ಲಿದ್ದಂತೆ’ ಎಂದು ಬಿಟ್ಟೆವು. ಅದು ಈಗ ಅವರ ಕಾನೂನಿನ ವಯಸ್ಸು, ನಮ್ಮ ಜಾಣತನಕ್ಕೆ ಅಲ್ಲಿ ಕೆಲಸವಿಲ್ಲ. ಯಾರ ಹುಟ್ಟಿದ ದಿನಾಂಕವನ್ನೂ ಈ ಸಂಚಿಕೆಯಲ್ಲಿ ಅಚ್ಚು ಮಾಡಿಲ್ಲ. ಅದು ಅವರವರ ಗುಟ್ಟು, ಬ್ಯಾಂಕಿನವರು ಅದನ್ನೇ ಕೇಳುವ ಕಾಲ ಇದು.

ಮಕ್ಕಳೇ, ನಿಮ್ಮಲ್ಲಿ ಬಹುಪಾಲು ಜನ ಆಸ್ಪತ್ರೆಯಲ್ಲಿ ಹುಟ್ಟಿದವರು, ನಿಮ್ಮ ದಿನಾಂಕಗಳು ಗಟ್ಟಿ. ಜನನ ಮರಣ ನೋಂದಣಿ ಕಾಯ್ದೆ 1969ರದು. 21 ದಿನದೊಳಗೆ ತಿಳಿಸಬೇಕೆಂಬುದು ಪದ್ಧತಿ. 2023ರ ಅಕ್ಟೋಬರ್ 1ರಿಂದ ಆಚೆ ಹುಟ್ಟಿದವರಿಗೆ ಶಾಲೆ ಸೇರುವಲ್ಲಿಂದ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಮನೆಯಲ್ಲಿ ಪುಟ್ಟ ತಂಗಿ ತಮ್ಮಂದಿರಿದ್ದರೆ ಆ ಕಾಗದದಲ್ಲಿ ಹೆಸರು, ದಿನಾಂಕ ಸರಿಯಿದೆಯೇ ಎಂದು ಇವತ್ತೇ ಹೋಗಿ ನೋಡಿ. ಅಪ್ಪ ಅಮ್ಮನಿಗಿಂತ ನೀವೇ ಚೆನ್ನಾಗಿ ಓದುತ್ತೀರಿ.

ಕೊನೆಗೆ ಒಂದು ಕೋರಿಕೆ. ಊಟ ಆದ ಮೇಲೆ ಸಂಜೆ ಐದರವರೆಗೆ ನಾವು ನಾಲ್ಕು ಜನ ಹತ್ತನೇ ತರಗತಿಯ ಕೊಠಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇವೆ. ಮೊದಲ ಹತ್ತು ವರ್ಷದವರು ಹಳೆಯ ಟಿಸಿ, ತರಗತಿಯ ಫೋಟೋ, ಅಂಕಪಟ್ಟಿ ಏನಿದ್ದರೂ ತನ್ನಿ, ಅಲ್ಲೇ ನೋಡಿ ವಾಪಸ್ ಕೊಡುತ್ತೇವೆ. ಬಿಟ್ಟ ದಿನಾಂಕ ಇಲ್ಲದವರ ಹೆಸರುಗಳ ಪಟ್ಟಿಯೂ ಅಲ್ಲಿರುತ್ತದೆ. ನಿಮ್ಮ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದವರು, ನಿಮ್ಮ ಓಣಿಯ ಅಕ್ಕಂದಿರು ಯಾರಾದರೂ ಅದರಲ್ಲಿ ಇರಬಹುದು. ಫೋನ್ ನಂಬರ್ ಗೊತ್ತಿದ್ದರೆ ಅಲ್ಲಿಂದಲೇ ಫೋನ್ ಮಾಡಿ ಕೇಳಿ. ತಾರೀಖು ಯಾರೂ ನೆನಪಿಟ್ಟಿರುವುದಿಲ್ಲ. “ಒಂಬತ್ತರ ಅರ್ಧವಾರ್ಷಿಕ ಪರೀಕ್ಷೆ ಬರೆದಿದ್ದೆ, ರಾಗಿ ಕುಯ್ಲಿನ ಹೊತ್ತಿಗೆ ಬಿಡಿಸಿದರು” ಎಂದರೆ ಹಾಗೆಯೇ ಬರೆದುಕೊಳ್ಳುತ್ತೇವೆ. ಅದಕ್ಕೆಂದೇ ಒಂದು ಕಾಲಂ ಇಟ್ಟಿದ್ದೇವೆ.